ಮೂಗುಳ್ಳವನ ಸಂಸಾರ

ಕಣ್ಣು, ಕೈ, ಎದೆ ಎಲ್ಲಕ್ಕೂ ಕನ್ನಡದಲ್ಲಿ ಒಂದಲ್ಲ ಒಂದು ಒಳ್ಳೆಯ ಮಾತು ಸಿಕ್ಕಿದೆ. ಮೂಗಿಗೆ ಮಾತ್ರ ಬರೀ ಬೈಗುಳ. ತೂರಿಸಿದರೆ ಅಧಿಕಪ್ರಸಂಗ, ಮುರಿದರೆ ಸೊಕ್ಕು, ಅದರ ನೇರಕ್ಕೆ ಮಾತಾಡಿದರೆ ಹಟಮಾರಿ, ತುದಿಯಲ್ಲಿ ಸಿಟ್ಟು ಇಟ್ಟುಕೊಂಡರೆ ದೂರ್ವಾಸ. ನನ್ನದು ತುಸು ದೊಡ್ಡ ಮೂಗು. ಹಾಗಾಗಿ ಕರ್ಜಗಿಯ ನಮ್ಮ ಮನೆಯಲ್ಲಿ ಈ ಬೈಗುಳಗಳಿಗೆ ವಿಳಾಸ ಹುಡುಕುವ ತ್ರಾಸಿಲ್ಲ. ಮೂಗುತಿ ಹೆಂಡತಿಯದು, ಮೂಗುದಾರ ನನ್ನದು. ಎರಡೂ ಬಿದ್ದದ್ದು ಒಂದೇ ವರ್ಷ.

ದುಬಾರಿ ಬೆಲೆ ತೆತ್ತರೆ ಇಂಗ್ಲಿಷರು ಮೂಗಿನಿಂದ ತೆತ್ತೆವು ಅನ್ನುತ್ತಾರಂತೆ. ಮಗಳು ಶಾಲೆಯಲ್ಲಿ ಕಲಿತು ಬಂದು ಹೇಳಿದಳು. ಆ ಮಹಾಶಯರು ಬೇಸಿಗೆಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಬಂದಿರಬೇಕು. ನಾನು ವರ್ಷದ ಖಾರಕ್ಕೆ ಮೆಣಸಿನಕಾಯಿ ತರುವಾಗ ಜೇಬು ಮೊದಲು ತೆರುತ್ತದೆ, ಮೂಗು ಆಮೇಲೆ ತಿಂಗಳಗಟ್ಟಲೆ ಕಂತು ಕಟ್ಟುತ್ತದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಅದರಿಂದ ತೆಗೆದ ಕೆಂಪು ಸತ್ವ ಲಿಪ್‌ಸ್ಟಿಕ್ಕಿಗೂ ಉಗುರುಬಣ್ಣಕ್ಕೂ ಹೋಗುತ್ತದೆ. ತುಟಿಗೆ ಅಂದ, ನಾಲಗೆಗೆ ರುಚಿ, ಉಗುರಿಗೆ ಹೊಳಪು. ಮೂಗಿನ ಪಾಲಿಗೆ ಘಾಟು ಒಂದೇ! ಅವ್ವ ಪಡಸಾಲೆಯಲ್ಲಿ ಹಾಸಿದ ಗೋಣಿಚೀಲದ ಮೇಲೆ ಸುಕ್ಕುಗಟ್ಟಿದ ಕಾಯಿಗಳ ತುಂಬು ಮುರಿಯುತ್ತ ಕೂತರೆ, ಒಣಬೀಜ ಚಟಚಟ ಉದುರಿ, ನಾನು ಅಟ್ಟದ ಮೇಲಿದ್ದರೂ ಕಣ್ಣೀರಿಡುತ್ತೇನೆ. ಅವ್ವ ಸೀನುವುದಿಲ್ಲ. ಹೆಂಡತಿಯೂ ಇಲ್ಲ. ಮನೆತನದ ಆ ಜವಾಬ್ದಾರಿ ನನ್ನೊಬ್ಬನ ಮೇಲೆ.

ಒಮ್ಮೆ ಈ ಕುರಿತು ಸಿಡುಕಿದ್ದಕ್ಕೆ ಹೆಂಡತಿ ಗಾದೆ ತೆಗೆದಳು: "ಸಿಟ್ಟಿನ್ಯಾಗ ಕೊಯ್ದ ಮೂಗು ಶಾಂತ ಆದಮ್ಯಾಲೆ ಬರ್ತೈತೇನ್ರಿ?"

ಬರುತ್ತದೆ ಎಂದೆ. ಓದಿದವನು ನಾನು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗು ಕಳೆದುಕೊಂಡ. ಮುಂದೆ ಪುಣೆಯ ಕಡೆ ಮೂಗು ರಿಪೇರಿಯ ವೃತ್ತಿಯಲ್ಲೇ ಪಳಗಿದವನೊಬ್ಬ ಅವನ ಹಣೆಯ ಚರ್ಮವನ್ನೇ ಕೆಳಗಿಳಿಸಿ ಹೊಸ ಮೂಗು ಕೂಡಿಸಿದ. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್‌ನಲ್ಲಿ ಅದು ಚಿತ್ರಸಮೇತ ಅಚ್ಚಾಗಿ, ಅಲ್ಲಿಯ ವೈದ್ಯರು ನಮ್ಮವರ ಕಸುಬು ಕಲಿತರು. ಇಷ್ಟನ್ನೂ ಕೈಬಾಯಿ ಆಡಿಸಿ ವಿವರಿಸಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಹಣೆಯನ್ನು ಅಳೆಯುವಂತೆ ನೋಡಿದಳು.

"ನಿಮಗೇನ ಚಿಂತಿ ಇಲ್ಲ ಬಿಡ್ರಿ. ನಿಮ್ಮ ಹಣಿ ನಡುನೆತ್ತಿ ತನಕಾ ಹೋಗೇತಿ. ನಾಕ ಮೂಗು ಆರಾಮ ಆಗ್ತಾವ."

ಅವ್ವ ಬಾಯಿಗೆ ಸೆರಗು ಹಿಡಿದಳು. ಘಾಟಿಗಲ್ಲ.

ಇಂಥ ಮೂಗಿಗೂ ಮನೆಯಲ್ಲಿ ಒಂದು ಅಧಿಕಾರವಿದೆ, ಅದೂ ಅವ್ವ ಕೊಟ್ಟದ್ದು. ಯಾರಾದರೂ ಹೊರಟು ನಿಂತಾಗ ನಾನು ಒಂಟಿ ಸೀನು ಸೀನಿದರೆ ಅವರು ಹೊಸ್ತಿಲು ದಾಟುವಂತಿಲ್ಲ. ಮೊನ್ನೆ ಹೆಂಡತಿಯ ತಮ್ಮ ಹುಬ್ಬಳ್ಳಿಗೆ ಹೆಣ್ಣು ನೋಡಲು ಹೊರಟಿದ್ದ. ಇಸ್ತ್ರಿ ಅಂಗಿ, ಪೌಡರು, ಸ್ಟೇಷನ್ನಿಗೆ ಹೋಗುವ ಅವಸರ. ಅವನು ಚಪ್ಪಲಿಗೆ ಕಾಲು ತೂರಿಸುವುದಕ್ಕೂ ನನ್ನ ಮೂಗು ಗುಡುಗುವುದಕ್ಕೂ ಸರಿಹೋಯಿತು.

"ಕುಂದರಪಾ," ಎಂದಳು ಅವ್ವ. "ಒಂದ ಸೀನು. ಜೋಡಿ ಆಗಲಿ."

ಎಲ್ಲರೂ ನನ್ನ ಮೂಗನ್ನೇ ನೋಡುತ್ತ ಕೂತರು. ನನ್ನ ಮಾತಿಗೆ ಈ ಮನೆಯಲ್ಲಿ ಇಷ್ಟು ಜನ ಎಂದೂ ಕಾದಿದ್ದಿಲ್ಲ. ಬೇಕೆಂದಾಗ ಬರುವ ಸೀನು ಎಲ್ಲಿಯದು? ಸೂರ್ಯನನ್ನು ನೋಡಿದೆ, ಟವೆಲ್ಲಿನ ತುದಿ ಹೊಸೆದು ತೂರಿಸಿದೆ. ಬಾಯಿ ತೆರೆಯಿತು, ಕಣ್ಣು ಮುಚ್ಚಿತು, ಬಂದದ್ದು ಆಕಳಿಕೆ. ಕೊನೆಗೆ ಹೆಂಡತಿ ಹೊಸ ಖಾರದ ಡಬ್ಬಿಯನ್ನೇ ತಂದು ಮುಚ್ಚಳ ತೆರೆದು ನನ್ನ ಮೂಗಿನಡಿ ಹಿಡಿದಳು.

ಎರಡನೆಯದು ಬಂತು. ಮೈದುನ ಜಿಗಿದೆದ್ದ. ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಮೂರನೆಯದು.

"ಬೆಸ ಆತು," ಎಂದಳು ಅವ್ವ, ಬೆರಳು ಮಡಚಿ.

ದೂರದಲ್ಲಿ ರೈಲು ಕೂಗಿತು. ಹುಡುಗ ಬ್ಯಾಗು ಕೆಳಗಿಟ್ಟು ಕೈಮುಗಿದ. "ಮಾಮಾ, ಇನ್ನೊಂದ್ರಿ. ಒಂದ... ಅಕ್ಕಾ, ಆ ಡಬ್ಬಿ ಇನ್ನಷ್ಟ ಸನೇಕ ಹಿಡಿ!"