ನಾಣ್ಯಕುಲನಿರ್ಣಯ

ನಾಣ್ಯವೆಂದರೆ ಎರಡು ಮುಖ, ಒಂದು ಅಂಚು ಮತ್ತು ಕನಿಷ್ಠ ಮೂರು ಅಭಿಪ್ರಾಯಭೇದಗಳುಳ್ಳ ಲೋಹದ ಬಿಲ್ಲೆ. ಚಲಾವಣೆಯಲ್ಲಿರುವಷ್ಟು ದಿನ ಅದಕ್ಕೆ ಕುಲಗೋತ್ರವಿಲ್ಲ. ಸೊಪ್ಪು ಮಾರುವವಳ ಸೆರಗಿನ ಗಂಟಿನಿಂದ ಕಂಡಕ್ಟರನ ಚೀಲಕ್ಕೆ, ಅಲ್ಲಿಂದ ದೇವರ ಹುಂಡಿಗೆ, ಮಡಿಮೈಲಿಗೆಯ ಗೊಡವೆಯೇ ಇಲ್ಲದೆ ಓಡಾಡಿಕೊಂಡಿರುತ್ತದೆ. ಚಲಾವಣೆ ನಿಂತು ಸಂಗ್ರಾಹಕನ ಕೈಗೆ ಬಿದ್ದ ಕ್ಷಣದಿಂದ ಜಾತಿ, ಉಪಜಾತಿ, ಸೂತ್ರ, ಪ್ರವರ ಎಲ್ಲವೂ ಹುಟ್ಟಿಕೊಳ್ಳುತ್ತವೆ. ಆ ಕುಲನಿರ್ಣಯವೇ ಈ ಶಾಸ್ತ್ರದ ವಿಷಯ. ಇದಕ್ಕೆ ಅಧಿಕಾರಿ ಭೂತಗನ್ನಡಿಯುಳ್ಳವನು. ಪ್ರಯೋಜನ ಡಬ್ಬಿಗಳ ವೃದ್ಧಿ. ಸಂಬಂಧ ಮನೆಯವರೊಂದಿಗೆ ಕೆಡುವಂಥದು.

ಮೊದಲ ವಿಭಾಗ ಕಾಲದ್ದು. ನಾಣ್ಯಗಳಲ್ಲಿ ಪ್ರಾಚೀನ, ಮಧ್ಯಕಾಲೀನ, ಆಧುನಿಕ ಎಂದು ಮೂರು ವರ್ಣ. ಪ್ರಾಚೀನ ಎಲ್ಲಿ ಆರಂಭ ಎನ್ನುವುದರಲ್ಲಿ ಜಗಳ ಕಡಿಮೆ: ಕ್ರಿಸ್ತಪೂರ್ವ 7ನೆಯ ಶತಮಾನದ ಹೊತ್ತಿಗೆ ಲಿಡಿಯಾದವರು ಬೆಳ್ಳಿ ಬಂಗಾರ ಬೆರೆತ ಎಲೆಕ್ಟ್ರಮ್ ಉಂಡೆಗೆ ಸಿಂಹದ ಠಸ್ಸೆ ಹೊಡೆದರು ಎಂಬಲ್ಲಿಂದ ಶುರು. ಎಲ್ಲಿ ಮುಗಿಯಿತು ಎನ್ನುವುದರಲ್ಲಿಯೇ ಪಂಥಭೇದ. ಆಧುನಿಕದ ಆರಂಭವಂತೂ ಆಯಾ ಪುಸ್ತಕದ ಬೈಂಡಿಂಗಿಗೆ ಬಿಟ್ಟದ್ದು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತ್ಯದ ಅಯೋಲಾ ಎಂಬ ಹಳ್ಳಿಯಿಂದ 1972ರಲ್ಲಿ ಕ್ರಾಸ್ ಮತ್ತು ಮಿಷ್ಲರ್ ಅವರ ಜಾಗತಿಕ ನಾಣ್ಯಕೋಶ ಹೊರಬಿತ್ತು. ಅದು ಟೆಲಿಫೋನ್ ಡೈರೆಕ್ಟರಿಯ ಗಾತ್ರ ಮೀರಿ ಬೆಳೆದಾಗ ಶತಮಾನಕ್ಕೊಂದು ಸಂಪುಟವಾಗಿ ಒಡೆದರು. ಮೊದಲ ಸಂಪುಟಕ್ಕೆ ಸಿಕ್ಕ ಇಸವಿ 1601. ಅಂದಿನಿಂದ 1601 ಆಧುನಿಕ, 1600 ಅಲ್ಲ. ಅಕ್ಬರ್ ಬಾದಷಹ 1605ರವರೆಗೆ ಬದುಕಿದ್ದರಿಂದ ಅವನ ರೂಪಾಯಿಗಳಲ್ಲಿ ಬಹುಪಾಲು ಹಿಂದಿನ ಯುಗದಲ್ಲಿ ಉಳಿದು, ಕೊನೆಯ ಕೆಲವು ಮಾತ್ರ ಆಧುನಿಕತೆಗೆ ದಾಟಿವೆ. ಈಸ್ಟ್ ಇಂಡಿಯಾ ಕಂಪನಿಗೆ ರಾಣಿ ಎಲಿಜಬೆತ್ ಸನ್ನದು ಕೊಟ್ಟದ್ದು 1600ರ ಡಿಸೆಂಬರ್ 31ರಂದು. ಇದು ಕಾಕತಾಳೀಯವೆಂದು ಕೆಲವರು. ಆಧುನಿಕತೆಯ ಲಕ್ಷಣವೇ ಇದೆಂದು ಬೇರೆ ಕೆಲವರು.

ಯಂತ್ರವಾದಿಗಳದು ಇನ್ನೊಂದು ಪಕ್ಷ. ಸುತ್ತಿಗೆಯಿಂದ ಹೊಡೆದದ್ದು ಹಳತು, ಯಂತ್ರದಿಂದ ಒತ್ತಿದ್ದು ಹೊಸತು ಎಂಬುದು ಇವರ ಸೂತ್ರ. ಅದರಂತೆ ಇಂಗ್ಲೆಂಡಿಗೆ ಆಧುನಿಕತೆ 1662ರಲ್ಲಿ ಬಂತು. ಭಾರತದಲ್ಲಿ ಕಂಪನಿಯವರು 1835ರಲ್ಲಿ ನಾಲ್ಕನೆಯ ವಿಲಿಯಂನ ಮುಖವಿಟ್ಟು ಎಲ್ಲ ಪ್ರಾಂತ್ಯಕ್ಕೂ ಒಂದೇ ರೂಪಾಯಿ ತಂದಾಗ ಬಂತೆಂದು ಸಂಗ್ರಾಹಕರ ರೂಢಿ. ಸಂಸ್ಥಾನಗಳಲ್ಲಿ ಅದಾದ ಮೇಲೂ ಬಹುಕಾಲ ಸುತ್ತಿಗೆಯ ಸದ್ದು ಕೇಳುತ್ತಲೇ ಇತ್ತು. ಅಲ್ಲಿ ಆಧುನಿಕರೂ ಮಧ್ಯಕಾಲೀನರೂ ಒಂದೇ ಸಂತೆಯಲ್ಲಿ ಬದನೆಕಾಯಿ ಕೊಂಡರೆಂದು ಒಪ್ಪಬೇಕಾಗುತ್ತದೆ.

ಪ್ರಾಚೀನರೊಳಗೆ ಮೊದಲ ಕುಲ ಗ್ರೀಕ್. ಅದರ ಲಕ್ಷಣ ಸರಳ: ರೋಮನ್ ಅಲ್ಲದ್ದು ಗ್ರೀಕ್. ಕಾರ್ತೇಜಿನ ವ್ಯಾಪಾರಿ, ಪರ್ಷಿಯಾದ ಚಕ್ರವರ್ತಿ, ಜುಡೇಯದ ಯಹೂದಿ ಅರಸ, ಬ್ರಿಟನ್ನಿನ ಕೆಲ್ಟ್ ಪಾಳೆಯಗಾರ ಇವರೆಲ್ಲ ಬದುಕಿದ್ದಾಗ ಗ್ರೀಕರೊಂದಿಗೆ ಬಡಿದಾಡಿದವರು, ಇಲ್ಲವೇ ಗ್ರೀಕನೊಬ್ಬನನ್ನು ಕಣ್ಣಾರೆ ಕಾಣದವರು. ಸತ್ತ ಮೇಲೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತ ಗ್ರೀಕರು. ಈ ಪಂಕ್ತಿಗೆ ಎಲೆ ಹಾಕಿದವನು ವಿಯೆನ್ನಾದ ಯೋಸೆಫ್ ಎಕ್‌ಹೆಲ್. 1792ರಿಂದ 1798ರೊಳಗೆ 8 ಸಂಪುಟ ಬರೆದು ಆತ ವಿಧಿಸಿದ ಕ್ರಮ ಹೀಗಿದೆ: ಸ್ಪೇನಿನಿಂದ ಹೊರಟು ಗಾಲ್, ಇಟಲಿ, ಗ್ರೀಸ್, ಏಷ್ಯಾ ಮೈನರ್, ಸಿರಿಯಾ, ಈಜಿಪ್ಟ್ ದಾಟಿ ಉತ್ತರ ಆಫ್ರಿಕಾದ ಮೂಲಕ ಹೊರಟ ಕಡೆಗೇ ಮರಳುವುದು. ಸಮುದ್ರ ಸದಾ ಬಲಗಡೆಗಿರುತ್ತದೆ. ಇದು ಅಪ್ಪಟ ಪ್ರದಕ್ಷಿಣೆ. ಎಕ್‌ಹೆಲ್ ಜೆಸೂಯಿಟ್ ಪಾದ್ರಿಯಾದರೂ ದಿಕ್ಕು ತಪ್ಪಲಿಲ್ಲ. 1887ರಲ್ಲಿ ಬಾರ್ಕ್ಲೆ ಹೆಡ್ ಅದೇ ಹೆಜ್ಜೆಯಲ್ಲಿ ನಡೆದ. ವಸ್ತುಸಂಗ್ರಹಾಲಯಗಳ ತಟ್ಟೆಗಳು ಇಂದಿಗೂ ಅದೇ ಸುತ್ತು ಹಾಕುತ್ತಿವೆ. ಬ್ಯಾಕ್ಟ್ರಿಯಾ, ಭಾರತಗಳು ಆ ಸಮುದ್ರದ ದಡದಲ್ಲಿಲ್ಲವಾದ್ದರಿಂದ ಸಿರಿಯಾ ಕಳೆದು ಈಜಿಪ್ಟ್ ಬರುವ ಮುನ್ನ ಒಂದು ಅಡ್ಡದಾರಿಯಲ್ಲಿ ಅವುಗಳ ದರ್ಶನ.

ರೋಮನ್ ಕುಲದಲ್ಲಿ ಶಿಸ್ತು ಹೆಚ್ಚು, ತಿಳಿವಳಿಕೆ ಕಡಿಮೆ. ಚಕ್ರವರ್ತಿಗಳ ಸರದಿಯಲ್ಲಿ ನಾಣ್ಯಗಳನ್ನು ಎಣಿಸುವ ಮಹಾಕೋಶದ ಮೊದಲ ಸಂಪುಟ 1923ರಲ್ಲಿ ಬಂತು, ಹತ್ತನೆಯದು 1994ರಲ್ಲಿ. ಸಾಮ್ರಾಜ್ಯ ಕಟ್ಟುವುದಕ್ಕೆ ಹಿಡಿದ ಶ್ರಮದ ಪಕ್ಕದಲ್ಲಿ ಇಡಬಹುದಾದ ಶ್ರಮವಿದು. ಇಷ್ಟಾಗಿಯೂ 4ನೆಯ ಶತಮಾನದ ತಾಮ್ರದ ನಾಣ್ಯಗಳನ್ನು ಅಂದಿನ ಜನ ಏನೆಂದು ಕರೆದರೆಂಬುದು ಇತ್ಯರ್ಥವಾಗಲಿಲ್ಲ. ಹೆಸರು ಸಿಗದ ಕಡೆ ಶಾಸ್ತ್ರಜ್ಞರು ಅಳತೆಪಟ್ಟಿ ತೆಗೆದರು: 25 ಮಿಲಿಮೀಟರ್ ಮೀರಿದ್ದು ತಾಮ್ರ ಒಂದು, 21ರಿಂದ 25 ತಾಮ್ರ ಎರಡು, 17ರಿಂದ 21 ತಾಮ್ರ ಮೂರು, ಅದಕ್ಕೂ ಕಿರಿದು ತಾಮ್ರ ನಾಲ್ಕು. ಮಕ್ಕಳಿಗೆ ಹೆಸರಿಡುವ ಬದಲು ಅಂಗಿಯ ಅಳತೆ ಹೇಳಿ ಕರೆದಂತಾಯಿತು. ಅಂಚು ಸವೆದ ನಾಣ್ಯ ಎರಡನೆಯ ತರಗತಿಯಿಂದ ಮೂರನೆಯದಕ್ಕೆ ಇಳಿಯುವುದುಂಟು.

ರೋಮನ್ ಮುಗಿದು ಬೈಜಾಂಟಿನ್ ಹುಟ್ಟುವ ಗಳಿಗೆಯನ್ನು ಮಾತ್ರ ಜಾತಕ ಬರೆಯುವಷ್ಟು ಖಚಿತವಾಗಿ ಹಿಡಿಯಲಾಗಿದೆ. ಅನಸ್ಟೇಸಿಯಸ್ ಪಟ್ಟಕ್ಕೆ ಬಂದ 491 ಎಂದು ಒಂದು ಪಕ್ಷ. ಅವನು ತಾಮ್ರದ ನಾಣ್ಯವನ್ನು ಸುಧಾರಿಸಿದ 498 ಎಂದು ಇನ್ನೊಂದು. ಎರಡನೆಯ ಪಕ್ಷವನ್ನು ಒಪ್ಪಿದರೆ ಒಬ್ಬನೇ ಅರಸ 7 ವರ್ಷ ರೋಮನ್ನನಾಗಿ ಆಳಿ, ಆಮೇಲೆ ಸಿಂಹಾಸನದಿಂದ ಏಳದೆಯೇ ಬೈಜಾಂಟಿನ್ ಆದನೆನ್ನಬೇಕು. ಆ ರಾಜ್ಯದವರು ಕೊನೆಯವರೆಗೂ ತಮ್ಮನ್ನು ರೋಮನ್ನರೆಂದೇ ಕರೆದುಕೊಂಡರು. ಜರ್ಮನ್ ಪಂಡಿತ ಹಿಯೆರೋನಿಮಸ್ ವೋಲ್ಫ್ ಅವರಿಗೆ ‘ಬೈಜಾಂಟಿನ್’ ಎಂಬ ಹೆಸರನ್ನು ಅಂಟಿಸಿದ್ದು 1557ರಲ್ಲಿ, ರಾಜ್ಯ ಅಳಿದು 104 ವರ್ಷದ ಮೇಲೆ. ತಿಥಿಯ ದಿನ ನಾಮಕರಣ ಮಾಡಿದ ಇಂಥ ಉದಾಹರಣೆ ಬೇರೆ ಶಾಸ್ತ್ರಗಳಲ್ಲಿ ವಿರಳ.

ಇದರ ಪೆಟ್ಟು ಹಾವೇರಿ ಜಿಲ್ಲೆಯವರೆಗೂ ತಾಗಿದೆ. ಅಕ್ಕಿಆಲೂರಿನ ಬಂಗಾರದ ನಿಧಿಯಲ್ಲಿ ಎರಡನೆಯ ಥಿಯೊಡೋಸಿಯಸ್‌ನಿಂದ ಮೊದಲನೆಯ ಜಸ್ಟಿನ್‌ವರೆಗಿನ ಅರಸರ ನಾಣ್ಯಗಳಿವೆ. ಹೂತಿಟ್ಟವನಿಗೆ ಎಲ್ಲವೂ ಬಂಗಾರ, ಎಲ್ಲವೂ ಒಂದೇ ನಿಧಿ. ಶಾಸ್ತ್ರಪ್ರಕಾರ ಅದರಲ್ಲಿ ಒಂದಷ್ಟು ರೋಮನ್ ಪೆಟ್ಟಿಗೆಗೂ ಉಳಿದದ್ದು ಬೈಜಾಂಟಿನ್ ಪೆಟ್ಟಿಗೆಗೂ ಹೋಗಬೇಕು. ಹೂಳುವಾಗ ಅವನಾದರೂ ಎರಡು ಗಡಿಗೆ ಬಳಸಬಹುದಿತ್ತು. ಭಾರತದಲ್ಲಿ ಸಿಗುವ ರೋಮನ್ ನಾಣ್ಯಗಳಲ್ಲಿ ಕೆಲವಕ್ಕೆ ಚಕ್ರವರ್ತಿಯ ಮುಖದ ಮೇಲೆಯೇ ಉಳಿಯ ಗಾಯವಿರುತ್ತದೆ. ಗಾಯವುಳ್ಳದ್ದು, ಗಾಯವಿಲ್ಲದ್ದು, ಇಲ್ಲಿನ ಅಕ್ಕಸಾಲಿಗರು ನೋಡಿ ಮಾಡಿದ ನಕಲು ಎಂದು ಅವಕ್ಕೆ ಮತ್ತೆ ಮೂರು ಡಬ್ಬಿ.

ಭಾರತದ ಅತಿ ಹಳೆಯ ಬೆಳ್ಳಿ ನಾಣ್ಯಗಳ ಕುಲಕ್ಕೆ ‘ಮುದ್ರಾಂಕಿತ’ ಎಂದು ಹೆಸರು. ಇದು ಅಡುಗೆಗೆ ‘ಬೇಯಿಸಿದ್ದು’ ಎಂದು ಹೆಸರಿಟ್ಟಂತೆ. ಮೌರ್ಯರ ಕಾಲದವುಗಳ ಒಂದು ಮುಖದಲ್ಲಿ ಐದು ಠಸ್ಸೆ. ಆ ಐದರ ಜೋಡಣೆಯನ್ನೇ ಹಿಡಿದು ನೂರಾರು ಉಪಜಾತಿ. ಮೂರು ಕಮಾನುಗಳ ಗುರುತೊಂದನ್ನು ಬೆಟ್ಟವೆನ್ನುವವರೂ ಚೈತ್ಯವೆನ್ನುವವರೂ ಇದ್ದು, ಉಭಯರೂ ಪರಸ್ಪರರ ಪುಸ್ತಕ ಓದುತ್ತಾರೆ, ಕೊಳ್ಳುವುದಿಲ್ಲ. ಹೊಯ್ಸಳರ ಹೊನ್ನಿನ ಸಮಸ್ಯೆ ಬೇರೆ. ಅದರ ಮೇಲೆ ಕನ್ನಡದಲ್ಲಿ ‘ಶ್ರೀ ತಳಕಾಡುಗೊಂಡ’ ಎಂದಿದೆಯೇ ಹೊರತು ಗೊಂಡವನ ಹೆಸರಿಲ್ಲ. ವಿಷ್ಣುವರ್ಧನನಿಗೆ ತನ್ನ ಹೆಸರು ಊರಿಗೆಲ್ಲ ಗೊತ್ತಿತ್ತೆಂಬ ಭರವಸೆ. 900 ವರ್ಷದ ಮೇಲಿನ ಸಂಗ್ರಾಹಕನ ಪಾಡು ಅವನ ಲೆಕ್ಕಕ್ಕೆ ಬರಲಿಲ್ಲ.

ನಡುವೆ ಚೌಕ ತೂತಿರುವ ಚೀನಾದ ನಾಣ್ಯಗಳು ಎರಡು ಸಾವಿರ ವರ್ಷ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಬಂದಿದ್ದರಿಂದ ಅಲ್ಲಿ ವರ್ಗೀಕರಣ ಸೂಕ್ಷ್ಮದರ್ಶಕದ ಕೆಲಸ. 621ರಲ್ಲಿ ಆರಂಭವಾದ ಕೈಯುವಾನ್ ನಾಣ್ಯಗಳ ಹಿಂಬದಿಯಲ್ಲಿ ಕೆಲವಕ್ಕೆ ಸಣ್ಣ ಬಾಲಚಂದ್ರ ಇದೆ; ಮೇಣದ ಮಾದರಿಗೆ ಮಹಾರಾಣಿಯ ಉಗುರು ತಾಗಿತೆಂದು ಕಥೆ. ಉಗುರು ಮೇಲೆ ತಾಗಿದ್ದು, ಕೆಳಗೆ ತಾಗಿದ್ದು, ಪಕ್ಕಕ್ಕೆ ತಾಗಿದ್ದು ಎಲ್ಲವೂ ಬೇರೆ ಬೇರೆ ಜಾತಿ. ಈ ನಾಣ್ಯವನ್ನು ಚೀನೀಯರು ‘ಚಿಯೆನ್’ ಎನ್ನುತ್ತಾರೆ, ಲೋಕದ ಸಂಗ್ರಾಹಕರು ‘ಕ್ಯಾಷ್’ ಎನ್ನುತ್ತಾರೆ. ಆ ಕ್ಯಾಷ್ ದಕ್ಷಿಣ ಭಾರತದ ಕಾಸು. ಪೋರ್ಚುಗೀಸರ ಬಾಯಲ್ಲಿ ಕೂತು ಇಂಗ್ಲಿಷಿಗೆ ಹೋಯಿತು. ಆಮೇಲೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಕ್ಕೆ ಅದೇ ಶಬ್ದ ಇಂಗ್ಲಿಷ್ ವೇಷದಲ್ಲಿ ವಾಪಸು ಬಂದು, ‘ಮಯಿಲಿ ಕಾಸು’ ಎಂಬ ಕನ್ನಡದ ಜೊತೆಯಲ್ಲೇ ಕೂತಿತು. ಒಂದೇ ಬಿಲ್ಲೆಯ ಮೇಲೆ ತವರಿನ ಕಾಸೂ ಸೀಮೆಯ ಕ್ಯಾಷೂ ಮುಖಾಮುಖಿಯಾದವು.

ಈ ಶಾಸ್ತ್ರದ ಅತ್ಯಂತ ಕಠಿಣ ಪ್ರಕರಣ ಟಿಪ್ಪು ಸುಲ್ತಾನನದು. ವರ್ಗೀಕರಣವನ್ನು ಅರಸನೇ ಮಾಡಿಟ್ಟ ಅಪರೂಪದ ಸಂದರ್ಭವಿದು. ತಾಮ್ರಕ್ಕೆ ಆಕಾಶದ ಹೆಸರು: ಪೈಸೆ ಜೊಹ್ರಾ, ಅಂದರೆ ಶುಕ್ರ, ಅರ್ಧ ಪೈಸೆ ಬಹ್ರಾಮ್, ಅಂದರೆ ಮಂಗಳ. ಬೆಳ್ಳಿಯ ರೂಪಾಯಿ ಇಮಾಮಿ, ಜೋಡಿ ರೂಪಾಯಿ ಹೈದರಿ. ಬಂಗಾರದ ಮೊಹರು ಅಹ್ಮದಿ. ಲೋಹ ನೋಡಿದರೆ ಸಾಕು, ಲೋಕ ತಿಳಿಯುತ್ತಿತ್ತು. ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ಸಂಗ್ರಾಹಕರು ಗೌರವದಿಂದ ಬದಿಗಿಟ್ಟು, ತಾಮ್ರದ ಮೇಲಿನ ಆನೆ ಎಡಕ್ಕೆ ನೋಡುತ್ತಿದೆಯೋ ಬಲಕ್ಕೋ, ಸೊಂಡಿಲು ಎತ್ತಿದೆಯೋ ಇಳಿಸಿದೆಯೋ ಎಂದು ವಿಂಗಡಿಸುತ್ತಾರೆ. ಜೆ. ಆರ್. ಹೆಂಡರ್ಸನ್ 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಮೇಲೆ ಪುಸ್ತಕ ತಂದ ಮೇಲೆ ಈ ಆನೆಗಳಿಗೆ ನೆಮ್ಮದಿಯಿಲ್ಲ. ಟಿಪ್ಪು ಊರುಗಳ ಹೆಸರನ್ನೂ ಬದಲಿಸಿದ್ದರಿಂದ ಚಿತ್ರದುರ್ಗವನ್ನು ಫರ್ರೂಖ್‌ಯಾಬ್ ಹಿಸಾರ್ ಎಂಬಲ್ಲಿ ಹುಡುಕಬೇಕು. ಇಸವಿಯನ್ನೂ ಬಿಡಲಿಲ್ಲ. ಮೌಲೂದಿ ಎಂಬ ಹೊಸ ಶಕೆ ತಂದು ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ನೋಡುವ ಕಣ್ಣಿಗೆ 5121 ಆಯಿತು. ಇದನ್ನರಿಯದೆ ಓದಿದವನ ಡಬ್ಬಿಯಲ್ಲಿ ಟಿಪ್ಪು ಇನ್ನೂ ಹುಟ್ಟಬೇಕಾದವನು.

ಆಧುನಿಕ ನಾಣ್ಯಗಳಲ್ಲಿ ದೇಶ, ಅರಸ, ಬೆಲೆ, ಇಸವಿ ಎಲ್ಲವೂ ಮುಖದ ಮೇಲೆಯೇ ಬರೆದಿರುವುದರಿಂದ ಶಾಸ್ತ್ರಕ್ಕೆ ಕೆಲಸವೇ ಇಲ್ಲವೆಂದು ಪೂರ್ವಪಕ್ಷ. ಸಿದ್ಧಾಂತಿಗಳು ಇಸವಿಯ ಕೆಳಗೆ ಬೆರಳಿಡುತ್ತಾರೆ. ಭಾರತದ ನಾಣ್ಯದಲ್ಲಿ ಅಲ್ಲಿ ವಜ್ರಾಕೃತಿಯಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಅಭಾವವೂ ಒಂದು ಪದಾರ್ಥವೆಂದು ವೈಶೇಷಿಕರು ವಾದಿಸಿದ್ದಕ್ಕೆ ಚಿಲ್ಲರೆ ರೂಪದ ಸಾಕ್ಷಿ ಇದು. ಚುಕ್ಕಿ ಸವೆದುಹೋದ ನೋಯ್ಡಾದ ನಾಣ್ಯ ಮತಾಂತರಗೊಂಡು ಕೋಲ್ಕತ್ತದ್ದಾಗುತ್ತದೋ ಎಂಬ ಪ್ರಶ್ನೆಗೆ ಭಾಷ್ಯಕಾರರು ಮೌನ.

ಉಪಜಾತಿಗಳಲ್ಲಿ ಸುಪ್ರಸಿದ್ಧವಾದದ್ದು ಹಂದಿ ರೂಪಾಯಿ. ಐದನೆಯ ಜಾರ್ಜನ 1911ರ ರೂಪಾಯಿಯಲ್ಲಿ ಅವನ ಉಡುಪಿನ ಮೇಲೆ ಕಡಲೆಕಾಳಿಗಿಂತ ಸಣ್ಣದೊಂದು ಆನೆಯಿದೆ. ಅಚ್ಚು ಕೊರೆದವನು ಸೊಂಡಿಲನ್ನು ಮೊಟಕಾಗಿಸಿದ್ದರಿಂದ ಜನರ ಕಣ್ಣಿಗೆ ಅದು ಹಂದಿಯಾಯಿತು. ಗದ್ದಲವೆದ್ದು, ಖಜಾನೆಯಲ್ಲಿ ಉಳಿದದ್ದನ್ನು ಕರಗಿಸಿ, 1912ರಲ್ಲಿ ಸೊಂಡಿಲನ್ನು ತಿದ್ದಲಾಯಿತು. ಸಾಮ್ರಾಜ್ಯವೊಂದು ಸೊಂಡಿಲಿಗೆ ಮಣಿದ ಪ್ರಸಂಗ ಚರಿತ್ರೆಯಲ್ಲಿ ಇದೊಂದೇ ಇರಬೇಕು. ಕರಗದೆ ಉಳಿದ ಹಂದಿಗಳಿಗೆ ಈಗ ಆನೆಯ ಬೆಲೆ.

ಕುಲದ ಮೇಲೆ ಆರೋಗ್ಯದ ವಿಚಾರ. ವಿಲಿಯಂ ಷೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1940ರಲ್ಲಿ ಮನುಷ್ಯರ ಮೈಕಟ್ಟನ್ನು ದಪ್ಪ, ಗಟ್ಟಿ, ಸಣಕಲು ಎಂದು ಮೂರಾಗಿ ಒಡೆದು ಪ್ರತಿಯೊಂದಕ್ಕೂ 7ರ ಮೇಲೆ ಅಂಕ ಕೊಟ್ಟ. ಮನುಷ್ಯರು ಊಟ ಮಾಡಿ ಅಂಕ ಬದಲಿಸಿಕೊಳ್ಳುವುದನ್ನು ಕಂಡೋ ಏನೋ, 1949ರಲ್ಲಿ ಹಳೆಯ ತಾಮ್ರದ ಸೆಂಟುಗಳಿಗೆ 1ರಿಂದ 70ರ ಅಂಕಪಟ್ಟಿ ತಂದ. 70ರ ಸೆಂಟು 1ರ ಸೆಂಟಿಗಿಂತ 70 ಪಟ್ಟು ಬೆಲೆ ಬಾಳಬೇಕೆಂಬುದು ಲೆಕ್ಕ. ಬೆಲೆಗಳು ಬೇಗನೆ ಆಜ್ಞೆ ಮೀರಿದವು, ಅಂಕ ಮಾತ್ರ ಉಳಿಯಿತು. ಅಮೆರಿಕದ ನಾಣ್ಯಶಾಸ್ತ್ರ ಸಂಘದ ಸಂಗ್ರಹದಿಂದ ಉತ್ತಮ ಸೆಂಟುಗಳನ್ನು ಎತ್ತಿ ಆ ಜಾಗದಲ್ಲಿ ತನ್ನ ಕೀಳು ದರ್ಜೆಯವನ್ನು ಇಟ್ಟಿದ್ದ ಸಂಗತಿ ಅವನು ಸತ್ತ ಮೇಲೆ ಬೆಳಕಿಗೆ ಬಂತು. ದರ್ಜೆಯ ವ್ಯತ್ಯಾಸ ಅವನಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಈ ಅಂಕಗಳಿಗೆ ಇಂಗ್ಲಿಷ್ ಉಪಾಧಿಗಳೂ ಇವೆ. ‘ಗುಡ್’ ಎಂದರೆ ಮುಖ ಮೂಗು ಸವೆದು ಹೊರಗೆರೆ ಮಾತ್ರ ಉಳಿದ ನಾಣ್ಯ. 70ಕ್ಕೆ 4 ಅಂಕ. ‘ವೆರಿ ಗುಡ್’ಗೆ 8. ‘ಫೈನ್’ ಎಂದರೂ 12 ಮಾತ್ರ. ಹೆಣ್ಣು ನೋಡುವ ಶಾಸ್ತ್ರದಲ್ಲಿ ‘ಪರವಾಗಿಲ್ಲ’ ಎಂಬ ಮಾತಿಗಿರುವ ಅರ್ಥವೇ ಇಲ್ಲಿ ‘ಗುಡ್’ಗೆ. ಮಹಾಪಾತಕವೆಂದರೆ ತೊಳೆಯುವುದು. ಲಕ್ಷ್ಮೀಪೂಜೆಯ ಮುನ್ನಾದಿನ ಮನೆಯ ಹಿರಿಯರು ಹುಣಸೆಹಣ್ಣು ಹಚ್ಚಿ ಉಜ್ಜಿ ಫಳಫಳ ಮಾಡಿದ ರೂಪಾಯಿ ದೇವಿಗೆ ಪ್ರಿಯ; ಸಂಗ್ರಾಹಕನಿಗೆ ಅದು ಹೆಣ. ನೂರು ವರ್ಷದ ಕಿಲುಬಿಗೆ ಅವನು ‘ಪಾಟಿನಾ’ ಎಂದು ಹೆಸರಿಟ್ಟು ಅದಕ್ಕೇ ಹೆಚ್ಚು ಹಣ ಕೊಡುತ್ತಾನೆ.

ಕೊನೆಗೆ ಯಾವ ಡಬ್ಬಿಗೂ ಒಗ್ಗದವು. ಸೋಮಾಲಿಯಾದ ಹೆಸರಿನಲ್ಲಿ 2004ರಲ್ಲಿ ಗಿಟಾರ್ ಆಕಾರದ ನಾಣ್ಯಗಳು ಬಂದವು. ಕಾನೂನಿನ ಪ್ರಕಾರ ಹಣ, ಅಂಗಡಿಯಲ್ಲಿ ಕೊಟ್ಟವರಿಲ್ಲ. 1818 ಎಂಬ ಇಸವಿಯೂ ರಾಮ ಹನುಮರ ಚಿತ್ರವೂ ಇರುವ ಕಂಪನಿ ನಾಣ್ಯಗಳು ಇದಕ್ಕೆ ತದ್ವಿರುದ್ಧ: ಯಾವ ಟಂಕಸಾಲೆಯೂ ಅಚ್ಚು ಹಾಕದಿದ್ದರೂ ಲಕ್ಷ ಲಕ್ಷದ ಜಾಹೀರಾತು. ಹಳೆ ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಶುಲ್ಕ ಕೇಳುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಸಬೇಕಾಯಿತು. ಇವೆರಡಕ್ಕಿಂತ ತೊಡಕಿನದು ಆಸ್ಟ್ರಿಯಾದ ರಾಣಿ ಮಾರಿಯಾ ಥೆರೆಸಾಳ ಬೆಳ್ಳಿ ಥೇಲರ್. ರಾಣಿ 1780ರಲ್ಲಿ ತೀರಿಕೊಂಡಳು. ಅರಬರೂ ಇಥಿಯೋಪಿಯನ್ನರೂ ಆ ಮುಖವಲ್ಲದೆ ಬೇರೆ ಹಣ ಮುಟ್ಟದಿದ್ದುದರಿಂದ ಅದೇ ಇಸವಿಯಲ್ಲಿ ಅಚ್ಚು ಮುಂದುವರಿಯಿತು. ವಿಯೆನ್ನಾ, ರೋಮ್, ಲಂಡನ್, ಪ್ಯಾರಿಸ್ ಸಾಲದೆ 1940-41ರಲ್ಲಿ ಮುಂಬಯಿಯ ಟಂಕಸಾಲೆಯಲ್ಲೂ. ಅರಸಿಯಿಂದ ಆಸ್ಟ್ರಿಯನ್, ಇಸವಿಯಿಂದ 18ನೆಯ ಶತಮಾನದ್ದು, ಹುಟ್ಟಿನಿಂದ ಮುಂಬಯಿಯದು, ಬಳಕೆಯಿಂದ ಆಫ್ರಿಕಾದ್ದು. ಹದ್ದಿನ ಬಾಲದ ಗರಿ, ರಾಣಿಯ ಪದಕದ ಮುತ್ತು ಎಣಿಸಿ ಇದರ ತವರನ್ನು ಪತ್ತೆ ಹಚ್ಚುವವರಿದ್ದಾರೆ. ಆಸ್ಟ್ರಿಯಾದ ಟಂಕಸಾಲೆ ಈ ಥೇಲರನ್ನು ಇಂದಿಗೂ ಅಚ್ಚು ಹಾಕಿ ಮಾರುತ್ತಿದೆ. ಅದರ ಮೇಲೆ ಇಸವಿ 1780 ಎಂದೇ ಇದೆ.