ಬಸ್ ಹತ್ತಿದ ವೈರಾಗ್ಯ

ಅಮೆರಿಕದಲ್ಲಿ ವೈರಾಗ್ಯ ಬಂದವರು ಕಾವಿ ಉಡುವುದಿಲ್ಲ. ಹರಾಜಿನಲ್ಲಿ ಹಳೆಯ ಸ್ಕೂಲ್ ಬಸ್ ಹಿಡಿಯುತ್ತಾರೆ. ಮನೆ, ಸಾಲದ ಕಂತು, ಸೋಫಾ ಎಲ್ಲ ಮಾಯೆಯೆಂದು ಮನವರಿಕೆಯಾದ ದಂಪತಿ ಗ್ರೈಂಡರ್ ಹಿಡಿದು, ಕಿಡಿ ಹಾರಿಸುತ್ತ, ಸೀಟಿನ ಬೋಲ್ಟುಗಳನ್ನು ಕತ್ತರಿಸತೊಡಗುತ್ತಾರೆ. ಭವಬಂಧನ ಕಳಚುವುದು ಇಷ್ಟು ತ್ರಾಸವೆಂದು ಯಾವ ಗುರುವೂ ಅವರಿಗೆ ಹೇಳಿರುವುದಿಲ್ಲ. ಸೀಟಿನಡಿ ರಬ್ಬರ್, ಅದರಡಿ ಪ್ಲೈವುಡ್, ಅದರಡಿ ತುಕ್ಕು. ಎಷ್ಟೋ ಚಳಿಗಾಲ ಮಕ್ಕಳ ಬೂಟಿನಿಂದ ಕರಗಿಳಿದ ಹಿಮವೆಲ್ಲ ಅಲ್ಲೇ ಇಂಗಿ ಕೂತಿರುತ್ತದೆ.

ಹೀಗೆ ಮನೆಯಾಗುವ ಬಸ್ಸಿಗೆ ಅಲ್ಲಿನವರಿಟ್ಟ ಮುದ್ದಿನ ಹೆಸರು ‘ಸ್ಕೂಲಿ’. ಮಕ್ಕಳಿಗೆಂದು ಕಟ್ಟಿದ ಗಾಡಿ. ಆರಡಿ ಮೀರಿದ ವಿರಾಗಿ ಎದ್ದು ನಿಂತರೆ ನೆತ್ತಿ ತಗಡಿಗೆ ಬಡಿಯುತ್ತದೆ. ಸರಿ, ಕಿಟಕಿಯ ಮಟ್ಟಕ್ಕೆ ಬಸ್ಸನ್ನೇ ಕೊಯ್ದು, ಜಾಕ್ ಕೊಟ್ಟು ಚಾವಣಿ ಎತ್ತಿ, ನಡುವೆ ತಗಡು ಬೆಸೆಯುತ್ತಾರೆ. ಆಮೇಲೆ ಸೋಲಾರ್ ಫಲಕ, ಲಿಥಿಯಂ ಬ್ಯಾಟರಿ, ಫ್ರಿಜ್ಜು, ಸೌದೆ ಒಲೆ, ಗೊಬ್ಬರವಾಗುವ ಕಕ್ಕಸು, ಕಲ್ಲಿನ ಅಡುಗೆಕಟ್ಟೆ. ಕೊನೆಗೆ ನೋಡಿದರೆ, ಬಿಟ್ಟುಬಂದ ಮನೆಯೇ ಆರು ಚಕ್ರ ಕಟ್ಟಿಕೊಂಡು ಹಿಂದೆಯೇ ಬಂದಿದೆ. ಡೀಸೆಲ್ ಖರ್ಚು ಬೇರೆ.

ಈ ಪಂಥಕ್ಕೂ ಒಬ್ಬ ಮೂಲಪುರುಷನಿದ್ದಾನೆ. 1964ರಲ್ಲಿ ಕಾದಂಬರಿಕಾರ ಕೆನ್ ಕೀಸಿ ತನ್ನ ಗೆಳೆಯರನ್ನು ಹಳೆಯ ಸ್ಕೂಲ್ ಬಸ್ಸಿಗೆ ತುಂಬಿಕೊಂಡು ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿಗೆ ಹೊರಟ. ಬಸ್ಸು 1939ರದು. ಸ್ಕೂಲ್ ಬಸ್ಸುಗಳೆಲ್ಲ ಹಳದಿಯೇ ಇರಲೆಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಸೈರ್ ಕರೆದ ಸಭೆ ನಿರ್ಧರಿಸಿದ್ದೂ ಅದೇ ವರ್ಷ. ಮಬ್ಬು ಬೆಳಕಿನಲ್ಲೂ ಹಳದಿಯ ಮೇಲಿನ ಕಪ್ಪು ಅಕ್ಷರ ಕಾಣುತ್ತದೆಂದು. ಕೀಸಿಯ ತಂಡ ತನ್ನ ಬಸ್ಸಿನ ಮೇಲೆ ಕೈಗೆ ಸಿಕ್ಕ ಬಣ್ಣವನ್ನೆಲ್ಲ ಎರಚಿತು. ಇಂದಿನವರಿಗೆ ಅಷ್ಟು ಧೈರ್ಯ ಬೇಕಿಲ್ಲ; ಎಷ್ಟೋ ರಾಜ್ಯಗಳಲ್ಲಿ ಹಳದಿ ಅಳಿಸಿ, ‘ಸ್ಟಾಪ್’ ಫಲಕ ಕಿತ್ತುಹಾಕಿ ಎಂದು ಸರ್ಕಾರವೇ ಹೇಳುತ್ತದೆ. ಬಂಡಾಯಕ್ಕೂ ಈಗ ನಿಯಮಾವಳಿ ಉಂಟು. ಅಂದು ಬಸ್ಸಿನೊಳಗೆ ಎಲ್‌ಎಸ್‌ಡಿ ಇತ್ತು, ಇಂದು ಎಲ್‌ಇಡಿ ಇದೆ. ಅದೂ ಅನುಯಾಯಿಗಳಿಗೆಂದು ತೆಗೆಯುವ ವಿಡಿಯೊಗೆ ಬೆಳಕು ಸಾಲದೆಂದು.

ಚಕ್ರದ ಮೇಲೆ ಮಲಗುವ ಇನ್ನೊಂದು ಜಾತಿಯೂ ಅಲ್ಲಿದೆ. ಬಾಡಿಗೆ ಕಟ್ಟಲಾಗದೆ ವ್ಯಾನು ಸೇರಿ, ಹಬ್ಬದ ಸೀಸನ್ನಿನಲ್ಲಿ ಗೋದಾಮಿಗೆ ಹೋಗಿ ದುಡಿಯುವ ಮುದುಕರ ಬಗ್ಗೆ ಜೆಸ್ಸಿಕಾ ಬ್ರೂಡರ್ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಬರೆದರು. ಅದರಿಂದಾದ ಸಿನಿಮಾ ಆಸ್ಕರ್ ಗೆದ್ದಿತು. ಗೋದಾಮಿನ ಮೊಣಕಾಲುಗಳಿಗೆ ಏನು ಸಿಕ್ಕಿತೆಂದು ಕೇಳುವುದು ಅಧಿಕಪ್ರಸಂಗ.

ವ್ಯಾನಿನ ಈ ಮುದುಕರಿಗೆ ಅನುಯಾಯಿಗಳಿಲ್ಲ, ಬೆನ್ನು ಹತ್ತುವ ಪೊಲೀಸರಿದ್ದಾರೆ. ಆರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಊರಿನಲ್ಲಿದ್ದ ಕಟ್ಟಳೆಯಂತೆ, ಸಾರ್ವಜನಿಕ ಜಾಗದಲ್ಲಿ ತಂಗಲು ಹಾಸಿಗೆ ಬಿಡಿಸಿದರೆ ಅದು ಬಿಡಾರ, ಅದಕ್ಕೆ ದಂಡ. ವಾಹನದೊಳಗೆ ಬಿಡಿಸಿದರೂ ಬಿಡಾರವೇ. ಇಂಥ ದಂಡ ಕ್ರೂರವಲ್ಲವೆಂದು 2024ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆರು-ಮೂರರ ಬಹುಮತದಲ್ಲಿ ಹೇಳಿತು. ಆಗ ಅಲ್ಲಿ ದಂಡ 295 ಡಾಲರ್ ಇತ್ತು. ಸೂರಿಗೆ ದುಡ್ಡಿಲ್ಲದವನು ಅದನ್ನೂ ಕಟ್ಟದೆ ಹೋದರೆ 537 ಡಾಲರ್ 60 ಸೆಂಟ್. ಆ ಅರವತ್ತು ಸೆಂಟನ್ನು ಲೆಕ್ಕ ಹಾಕಿದ ಗುಮಾಸ್ತನ ಕರ್ತವ್ಯನಿಷ್ಠೆಗಾದರೂ ಒಂದು ಆಸ್ಕರ್ ಕೊಡಬಹುದಿತ್ತು.