ಆನ್ ಆಗ್ತಿಲ್ಲ ಸಾರ್!

ಡೆಸ್ಕ್‌ಟಾಪ್ ಕಂಪ್ಯೂಟರ್ ಆನ್ ಆಗದಿದ್ದಾಗ ಮನೆಮಂದಿ ಮೊದಲು ಹುಡುಕುವುದು ದೋಷವನ್ನಲ್ಲ, ದೋಷಿಯನ್ನು. ‘ನಿನ್ನೆ ರಾತ್ರಿ ಕೊನೆಗೆ ಮುಟ್ಟಿದವರು ಯಾರು?’ ಎಂದು ಯಜಮಾನರು ಲುಂಗಿ ಎತ್ತಿ ಕಟ್ಟಿಕೊಂಡು ವಿಚಾರಣೆಗೆ ಇಳಿಯುತ್ತಾರೆ. ‘ಪ್ರಾಜೆಕ್ಟ್ ಟೈಪ್ ಮಾಡಿದ್ದು ಅಷ್ಟೇ ಅಪ್ಪ, ಗೇಮ್ ಆಡ್ಲೇ ಇಲ್ಲ’ ಎಂದು ಮಗರಾಯ ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ಸಿಕ್ಕಿಬೀಳುತ್ತಾನೆ. ‘ನಾನು ಧೂಳು ಒರೆಸಿದೆ, ಅಷ್ಟೇ’ ಎನ್ನುತ್ತಾರೆ ಮನೆಯಾಕೆ. ಒರೆಸಿದ್ದು ಒಣಬಟ್ಟೆಯಲ್ಲೋ ಒದ್ದೆಬಟ್ಟೆಯಲ್ಲೋ ಎಂದು ಕೇಳುವ ಧೈರ್ಯ ಯಜಮಾನರಿಗಿಲ್ಲ. ‘ಆಯುಧಪೂಜೆ ದಿನ ಕಾರಿಗೆ ಕುಂಬಳಕಾಯಿ ಒಡೆದಿರಿ, ಇದಕ್ಕೆ ಒಂದು ಹೂವಾದರೂ ಇಟ್ಟಿರಾ?’ ಎಂದು ಅಜ್ಜ ಮೂಲ ಕಾರಣವನ್ನೇ ಪತ್ತೆಹಚ್ಚಿ ಪೇಪರಿಗೆ ಮರಳುತ್ತಾರೆ.

ವಿಚಾರಣೆ ಮುಗಿದ ಮೇಲೆ ತೀರ್ಪು. ಅದು ಎಲ್ಲ ಮನೆಗಳಲ್ಲೂ ಒಂದೇ: ‘ಮದರ್‌ಬೋರ್ಡ್ ಹೋಗಿದೆ.’ ಇದನ್ನು ಹೇಳಲು ಕ್ಯಾಬಿನೆಟ್ ಬಿಚ್ಚಬೇಕಾಗಿಲ್ಲ. ಮದರ್‌ಬೋರ್ಡ್ ಉದ್ದಕ್ಕಿದೆಯೋ ಅಡ್ಡಕ್ಕಿದೆಯೋ ಗೊತ್ತಿರಬೇಕಾಗಿಯೂ ಇಲ್ಲ. ಪಕ್ಕದ ಮನೆಯವರು ಗೇಟಿನಾಚೆ ನಿಂತೇ ಹೇಳಬಲ್ಲರು. ಸಡಿಲ ಪ್ಲಗ್ಗು ಅಂದರೆ ಯಾರಿಗೂ ಗೌರವವಿಲ್ಲ. ಮದರ್‌ಬೋರ್ಡ್ ಅಂದರೆ ಹೇಳಿದವರಿಗೂ ತೂಕ, ಕೇಳಿದವರಿಗೂ ತೂಕ, ರಿಪೇರಿ ಅಂಗಡಿಯವರಿಗಂತೂ ಕೇಳಲೇಬೇಡಿ.

ಇನ್ನು ಸೋದರಳಿಯನ ಸರದಿ. ‘ಹೇಗೂ ಸಾಫ್ಟ್‌ವೇರ್‌ನಲ್ಲಿದ್ದೀಯಲ್ಲಪ್ಪ, ಒಂಚೂರು ನೋಡು’ ಎಂದು ಅತ್ತೆ ಕಾಫಿ ಲೋಟದ ಜೊತೆಗೆ ಜವಾಬ್ದಾರಿಯನ್ನೂ ಕೈಗಿಡುತ್ತಾರೆ. ಪಾಪ, ಅವನು ಹುಟ್ಟಿದಾಗಿನಿಂದ ಲ್ಯಾಪ್‌ಟಾಪ್ ಬಿಟ್ಟು ಬೇರೆ ಕಂಡವನಲ್ಲ. ಆದರೂ ಅತ್ತೆಯ ಮುಂದೆ ಮರ್ಯಾದೆ ಪ್ರಶ್ನೆ. ಮೊಬೈಲ್ ಟಾರ್ಚ್ ಹಾಕಿ ಗಾಳಿಕಿಂಡಿಯಲ್ಲಿ ಇಣುಕಿ, ‘ವಿಂಡೋಸ್ ಕರಪ್ಟ್ ಆಗಿರಬೇಕು ಅತ್ತೆ’ ಎನ್ನುತ್ತಾನೆ. ಫ್ಯಾನೇ ತಿರುಗದ ಯಂತ್ರದಲ್ಲಿ ವಿಂಡೋಸ್ ಕೆಟ್ಟಿದ್ದರೇನು, ಕೆಡದಿದ್ದರೇನು?

ತಂಟೆಯೆಲ್ಲ ಇರುವುದು ‘ಆನ್ ಆಗ್ತಿಲ್ಲ’ ಎಂಬ ದೂರಿನಲ್ಲೇ. ಬಟನ್ ಒತ್ತಿದರೆ ದೀಪವೂ ಇಲ್ಲ ಸದ್ದೂ ಇಲ್ಲ ಅನ್ನುವವರೂ ಇದನ್ನೇ ಹೇಳುತ್ತಾರೆ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು ಅನ್ನುವವರೂ ಅದನ್ನೇ. ಎರಡು ಸೆಕೆಂಡ್ ಗುರ್ ಎಂದು ಆರಿಹೋಗುವುದೂ ಅದೇ, ಕಂಪನಿಯ ಲಾಂಛನ ತೋರಿಸಿ ಅಲ್ಲೇ ಬೀಡುಬಿಡುವುದೂ ಅದೇ. ನಾಲ್ಕಕ್ಕೂ ಕಾರಣ ಬೇರೆ, ಖರ್ಚು ಬೇರೆ.

ಹಳೆಯ ಕಂಪ್ಯೂಟರುಗಳಲ್ಲಿ ಸ್ವಿಚ್ಚು ಅಂದರೆ ಸ್ವಿಚ್ಚು. ಖಟಕ್ ಎಂದು ಒತ್ತಿದರೆ ಕರೆಂಟು ನೇರವಾಗಿ ಹರಿಯುತ್ತಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಹೊಸ ವ್ಯವಸ್ಥೆ ತಂದಿತು ನೋಡಿ, ಅಲ್ಲಿಂದ ಮುಂದೆ ಎಲ್ಲ ಸರ್ಕಾರಿ ಕಚೇರಿಯ ಕಾರುಬಾರೇ. ನೀವು ಒತ್ತುವ ಬಟನ್ನು ಆಜ್ಞೆಯಲ್ಲ, ಬರೀ ಅರ್ಜಿ. ಅರ್ಜಿ ಮದರ್‌ಬೋರ್ಡಿಗೆ ಹೋಗುತ್ತದೆ. ಮದರ್‌ಬೋರ್ಡು ಎಸ್‌ಎಂಪಿಎಸ್‌ಗೆ, ಅಂದರೆ ಕರೆಂಟು ಹಂಚುವ ಡಬ್ಬಿಗೆ, ಬರೆಯುತ್ತದೆ. ಎಸ್‌ಎಂಪಿಎಸ್ಸು ಗೋಡೆಯ 230 ವೋಲ್ಟನ್ನು 12, 5, 3.3 ಎಂದು ಪಾಲು ಮಾಡಿ, ಎಲ್ಲ ನೆಟ್ಟಗಿದ್ದರೆ ಅರ್ಧ ಸೆಕೆಂಡಿನೊಳಗೆ ‘ಪವರ್ ಗುಡ್’ ಎಂದು ಸಹಿ ಹಾಕಿ ಮರಳಿಸುತ್ತದೆ. ಆ ಸಹಿ ಬಂದ ಮೇಲಷ್ಟೇ ಪ್ರೊಸೆಸರ್ ಸಾಹೇಬರು ಕಣ್ಣುಬಿಡುವುದು. ಆಮೇಲೆ ರ‍್ಯಾಮ್, ಡಿಸ್‌ಪ್ಲೇ, ಡಿಸ್ಕ್ ಎಂದು ಒಂದೊಂದೇ ಟೇಬಲ್ಲು. ರಿಪೇರಿ ಅಂದರೆ ಫೈಲು ಯಾವ ಟೇಬಲ್ಲಿನಲ್ಲಿ ಕೂತಿದೆ ಎಂದು ಕೆಳಗಿನಿಂದ ವಿಚಾರಿಸುತ್ತ ಹೋಗುವುದು. ನಾವೋ, ಗೇಟಿನ ಜವಾನನನ್ನೂ ಮಾತಾಡಿಸದೆ ನೇರವಾಗಿ ಮಂತ್ರಿಗಳ ರಾಜೀನಾಮೆ ಕೇಳುವವರು.

ಜವಾನ ಎಂದರೆ ಇಲ್ಲಿ ಎಕ್ಸ್‌ಟೆನ್ಷನ್ ಬೋರ್ಡು. ಅದರ ತೂತುಗಳು ಹಿಗ್ಗಿ ಯಾವ ಕಾಲವಾಯಿತೋ. ಅದೇ ತೂತಿಗೆ ಮೊಬೈಲ್ ಚಾರ್ಜರ್ ಹಾಕಿ ಚಾರ್ಜ್ ಆಗುತ್ತದೆಯೇ ನೋಡಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಯುಪಿಎಸ್ ಇದ್ದರೆ ಅದನ್ನು ಬದಿಗಿಟ್ಟು ನೇರ ಗೋಡೆಗೆ ಕೊಟ್ಟು ನೋಡಿ. ಬ್ಯಾಟರಿ ಸತ್ತ ಯುಪಿಎಸ್ಸು ಕೀಂ ಕೀಂ ಅನ್ನಲು ಮಾತ್ರ ಗಟ್ಟಿ. ಕ್ಯಾಬಿನೆಟ್ಟಿನ ಬೆನ್ನಿಗೆ, ಪವರ್ ಕೇಬಲ್ ಚುಚ್ಚುವಲ್ಲಿ, ಒಂದು ಪುಟಾಣಿ ಸ್ವಿಚ್ಚು ಇರುತ್ತದೆ. ಒಂದು ಕಡೆ ಗೀಟು, ಇನ್ನೊಂದು ಕಡೆ ಸೊನ್ನೆ. ಕಸ ಗುಡಿಸುವಾಗ ಪೊರಕೆಯ ಹಿಡಿ ತಾಗಿ ಅದು ಸೊನ್ನೆಗೆ ಹೊರಳಿಕೊಂಡಿದ್ದರೆ, ಯಾವ ಮದರ್‌ಬೋರ್ಡ್ ಹಾಕಿಸಿದರೂ ಫಲವೂ ಸೊನ್ನೆಯೇ.

ಮುಂದಿನ ಟೇಬಲ್ಲು ಎಸ್‌ಎಂಪಿಎಸ್. ಇದಕ್ಕೆ ಮೆಕ್ಯಾನಿಕ್ ಹುಡುಗರ ಹತ್ತಿರ ಒಂದು ಗಾರುಡಿ ವಿದ್ಯೆ ಇದೆ. ಕರೆಂಟ್ ತೆಗೆದು, 24 ಪಿನ್ನಿನ ದೊಡ್ಡ ಕನೆಕ್ಟರನ್ನು ಬೋರ್ಡಿನಿಂದ ಕಳಚಿ, ಹಸಿರು ವೈರಿನ ತೂತಿಗೂ ಕಪ್ಪು ವೈರಿನ ತೂತಿಗೂ ಬಗ್ಗಿಸಿದ ಪೇಪರ್ ಕ್ಲಿಪ್ ಸಿಕ್ಕಿಸುತ್ತಾರೆ. ಆಮೇಲೆ ಕರೆಂಟ್ ಕೊಟ್ಟರೆ ಅದರ ಫ್ಯಾನು ತಿರುಗಬೇಕು. ತಿರುಗದಿದ್ದರೆ ಬಹುಮಟ್ಟಿಗೆ ಅದರ ಕಥೆ ಮುಗಿದಂತೆ. ತಿರುಗಿದರೆ ಬದುಕಿದೆ ಎಂದಷ್ಟೇ ಅರ್ಥ. ವೋಲ್ಟೇಜ್ ಸರಿಯಿದೆಯೇ ಎಂದು ಹೇಳುವುದು ಮೀಟರಿನ ಕೆಲಸ. ಈಗಿನ ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಚಂದ ಕಾಣಲೆಂದು ಎಲ್ಲ ವೈರಿಗೂ ಕಪ್ಪು ಬಣ್ಣ. ಅಲ್ಲಿ ಹಸಿರು ಹುಡುಕಹೊರಟ ಮೈದುನರನ್ನು ದೇವರೇ ಕಾಪಾಡಬೇಕು. ಆದರೆ ಆ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳು ಕರೆಂಟು ಹಿಡಿದುಕೊಂಡೇ ಇರುತ್ತವೆ. ಈ ಒಂದು ವಿಷಯದಲ್ಲಿ ತಮಾಷೆ ಇಲ್ಲ.

ಆ ಡಬ್ಬಿಯ ಕಿಂಡಿಯಲ್ಲಿ ಬೆಚ್ಚಗಿದೆಯೆಂದು ಹಲ್ಲಿ ನುಗ್ಗಿ ಪ್ರಾಣ ಬಿಡುವುದುಂಟು, ಜೊತೆಗೆ ಎಸ್‌ಎಂಪಿಎಸ್‌ನ ಪ್ರಾಣವನ್ನೂ ತೆಗೆಯುವುದುಂಟು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡಿನಲ್ಲಿ ಮಾರ್ಕ್ 2 ಕಂಪ್ಯೂಟರಿನ ರಿಲೇಯೊಳಗೆ ಒಂದು ಪತಂಗ ಸಿಕ್ಕಿಕೊಂಡಿತ್ತು. ಅದನ್ನು ಲಾಗ್‌ಬುಕ್ಕಿಗೆ ಟೇಪಿನಲ್ಲಿ ಅಂಟಿಸಿದರು, ಆ ಪುಸ್ತಕ ಇವತ್ತು ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ನಮ್ಮ ಹಲ್ಲಿಯ ಹಣೆಯಲ್ಲಿ ಬರೆದಿರುವುದು ಪೊರಕೆ ಕಡ್ಡಿ. ಮೇಲಾಗಿ ‘ಬಲಭಾಗದಲ್ಲಿ ಬಿದ್ದಿತ್ತೋ ಎಡಭಾಗದಲ್ಲೋ?’ ಎಂದು ಅಜ್ಜಿ ಪಂಚಾಂಗ ತೆಗೆಯುತ್ತಾರೆ.

ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು ಅನ್ನುವವರು ಮೊದಲು ಪರದೆಯನ್ನೇ ನೋಡಿ. ಸಾವಿರಾರು ರೂಪಾಯಿಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿ ‘ಡಿಸ್‌ಪ್ಲೇ ಬರ್ತಿಲ್ಲ’ ಎಂದು ತಲೆ ಮೇಲೆ ಕೈಹೊತ್ತವರ ಸಂಘ ಕಟ್ಟಿದರೆ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆಯೇ ಬೇಕಾದೀತು.

ಕೇಬಲ್ ಸರಿಯಿದ್ದರೆ ಕಿವಿಗೆ ಕೆಲಸ. 1981ರ ಐಬಿಎಂ ಪಿಸಿಯ ಕಾಲದಿಂದಲೂ ಯಂತ್ರ ಎದ್ದ ಕೂಡಲೇ ತನ್ನ ಮೈ ತಾನೇ ತಡವಿ ನೋಡಿಕೊಂಡು ಬೀಪ್‌ನಲ್ಲಿ ವರದಿ ಒಪ್ಪಿಸುವ ಪದ್ಧತಿ ಇದೆ. ಅದರಲ್ಲಿ ಒಂದೇ ಒಂದು ಗಿಡ್ಡ ಬೀಪ್ ಎಂದರೆ ಎಲ್ಲ ಕ್ಷೇಮ. ಮುಂದಿನದಕ್ಕೆ ಛಂದಸ್ಸು ಗೊತ್ತಿರಬೇಕು. ಒಂದು ಗುರು, ಎರಡು ಲಘು ಬಂದರೆ ಕನ್ನಡ ಮೇಷ್ಟ್ರು ‘ಭಗಣ’ ಎನ್ನುತ್ತಾರೆ. ಯಂತ್ರವನ್ನು ಎಬ್ಬಿಸುವ ಬಯಾಸ್ ಎಂಬ ಪ್ರೋಗ್ರಾಮು ಅವಾರ್ಡ್ ಕಂಪನಿಯದಾದರೆ ‘ಡಿಸ್‌ಪ್ಲೇ ಕಾರ್ಡ್ ಸರಿಯಿಲ್ಲ’ ಎನ್ನುತ್ತದೆ. ಬೇರೆ ಕಂಪನಿಯ ಬಯಾಸಿಗೆ ಬೇರೆ ಛಂದಸ್ಸು. ಈಗಿನ ಕ್ಯಾಬಿನೆಟ್ಟುಗಳಲ್ಲಿ ಬಣ್ಣಬಣ್ಣದ ದೀಪಗಳ ಜಾತ್ರೆಯೇ ಇದೆ, ಬೀಪ್ ಅನ್ನುವ ಸ್ಪೀಕರ್ ಮಾತ್ರ ಇಲ್ಲ. ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋದರೆ ಬೆರಳುಗಾತ್ರದ ಬಜರ್ ಸಿಗುತ್ತದೆ. ಹೊಸ ಬೋರ್ಡುಗಳ ಮೂಲೆಯಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ಚಿಕ್ಕ ದೀಪಗಳೂ ಇರುವುದುಂಟು. ಯಾವುದು ಆರದೆ ಉರಿಯುತ್ತದೋ ಫೈಲು ಆ ಟೇಬಲ್ಲಿನಲ್ಲಿದೆ.

ಡಿರ‍್ಯಾಮ್ ದೀಪ ಉರಿದರೆ ಔಷಧ ಮಗನ ಜಾಮೆಟ್ರಿ ಬಾಕ್ಸಿನಲ್ಲಿದೆ: ರಬ್ಬರು. ಕರೆಂಟ್ ತೆಗೆದು, ರ‍್ಯಾಮ್ ಕಡ್ಡಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಬೇಕು. ರಬ್ಬರಿನ ತುದಿ ಮಸಿಯಾಗುತ್ತದೆ. ಆ ಕೊಳೆಯೇ ಇಷ್ಟು ದಿನ ದಾರಿಗಡ್ಡ ಕೂತಿದ್ದು. ಮಂಗಳೂರು, ಉಡುಪಿ ಕಡೆಯ ಮಳೆಗಾಲದ ತೇವಕ್ಕೆ ಈ ಉಪಚಾರ ತೀರಾ ಮಾಮೂಲು. ರಬ್ಬರಿನ ಪುಡಿ ಊದಿ, ಒರೆಸಿ, ಮತ್ತೆ ಕೂರಿಸುವಾಗ ಕ್ಲಿಪ್ಪು ‘ಟಕ್’ ಅನ್ನುವವರೆಗೂ ಎರಡು ಹೆಬ್ಬೆರಳಿನಿಂದ ಒತ್ತಬೇಕು. ‘ಮುರಿದುಹೋದೀತು’ ಎಂದು ಹೆದರಿ ಅರ್ಧ ಒತ್ತಿ ಬಿಡುವ ಮೃದುಹೃದಯಿಗಳಿಂದಲೇ ಎಷ್ಟೋ ಅಂಗಡಿಗಳು ಬಾಡಿಗೆ ಕಟ್ಟುತ್ತಿವೆ.

ಇಷ್ಟೆಲ್ಲ ದಾಟಿದ ಮೇಲೂ ಯಂತ್ರ ಕೆಲವೊಮ್ಮೆ ತಲೆಹರಟೆ ಮಾಡುತ್ತದೆ. ‘ಕೀಬೋರ್ಡ್ ಸಿಗುತ್ತಿಲ್ಲ, ಮುಂದುವರಿಯಲು ಎಫ್1 ಒತ್ತಿ’ ಎನ್ನುತ್ತದೆ. ಒತ್ತುವುದೆಲ್ಲಿ, ಅದರ ತಲೆ ಮೇಲೆಯೇ? ಸಿಆರ್2032 ಎಂಬ ನಾಣ್ಯದಗಲದ ಮೂರು ವೋಲ್ಟಿನ ಸೆಲ್ ಮುಗಿದಿದ್ದರೆ ತಾರೀಕು ಯಾವುದೋ ಹಳೆಯ ಜನವರಿ 1ಕ್ಕೆ ಹೋಗಿ ಕೂರುತ್ತದೆ. ‘ಬೂಟ್ ಡಿವೈಸ್ ಸಿಗ್ತಿಲ್ಲ’ ಎಂದು ಬರೆದು ನಿಂತರೆ ಹಾರ್ಡ್ ಡಿಸ್ಕಿಗೆ ಎಳ್ಳುನೀರು ಬಿಡುವ ಮೊದಲು ಚುಚ್ಚಿಟ್ಟು ಮರೆತ ಪೆನ್‌ಡ್ರೈವ್ ಕಿತ್ತು ನೋಡಿ.

ಬೋರ್ಡು ನಿಜಕ್ಕೂ ಹೋಗುವುದೇ ಇಲ್ಲವೇ? ಹೋಗುತ್ತದೆ. 2000ದ ದಶಕದ ಆರಂಭದ ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರುಗಳ ಪಿಡುಗೇ ಎದ್ದಿತ್ತು. ಅವುಗಳ ನೆತ್ತಿ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದುಬಣ್ಣದ ರಸ ಒಸರಿದ್ದರೆ, ಆಗ ಗೇಟಿನಾಚೆಯ ಪಕ್ಕದ ಮನೆಯವರಿಗೆ ಜಯ. ಆದರೆ ಆ ತೀರ್ಪು ಕೊನೆಯ ಪುಟದಲ್ಲಿ ಬರಬೇಕಾದ್ದು.

ಎಲ್ಲಕ್ಕಿಂತ ಹೊಟ್ಟೆ ಉರಿಸುವುದು ಮೆಕ್ಯಾನಿಕ್ ಬಂದ ಕೂಡಲೇ ತಾನಾಗಿ ಆನ್ ಆಗುವ ಕಂಪ್ಯೂಟರ್. ‘ಇಷ್ಟೊತ್ತು ಬಡ್ಕೊಂಡೆವಲ್ಲ, ಆಗ ಏನಾಗಿತ್ತು ಇದಕ್ಕೆ!’ ಇದರಲ್ಲಿ ಹುಡುಗನ ಕೈಗುಣವೇನಿಲ್ಲ. ಅವನು ಬಂದವನೇ ಪ್ಲಗ್ ಕಿತ್ತು, ಕ್ಯಾಬಿನೆಟ್ಟನ್ನು ಟೇಬಲ್ ಮೇಲೆ ಎತ್ತಿಡುತ್ತಾನೆ. ಮುನಿಸಿಕೊಂಡು ತನ್ನನ್ನು ತಾನೇ ಆರಿಸಿಕೊಂಡ ಎಸ್‌ಎಂಪಿಎಸ್ಸು ಅಷ್ಟರಲ್ಲಿ ತಣ್ಣಗಾಗಿರುತ್ತದೆ, ಎತ್ತಿಟ್ಟ ಅಲುಗಾಟಕ್ಕೆ ಸಡಿಲ ಕನೆಕ್ಟರ್ ಕೂತಿರುತ್ತದೆ. ಮುನ್ನೂರು ರೂಪಾಯಿ ಕೊಡುವಾಗ ಮಾತ್ರ ಈ ವಿಜ್ಞಾನ ಸಮಾಧಾನ ಕೊಡುವುದಿಲ್ಲ.

ಹಾಗಾಗಿ ಯಾರಿಗಾದರೂ ಫೋನ್ ಮಾಡುವ ಮುಂಚೆ ಮೂರು ವಿಷಯ ನೋಡಿಟ್ಟುಕೊಳ್ಳಿ: ದೀಪ ಉರಿಯುತ್ತಾ, ಫ್ಯಾನ್ ತಿರುಗುತ್ತಾ, ಬೀಪ್ ಬರುತ್ತಾ. ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು, ಗಂಟಲು ಸರಿಮಾಡಿಕೊಂಡು, ಕಂಪ್ಯೂಟರ್ ಬಲ್ಲ ಭಾವನಿಗೆ ಫೋನ್ ಹಚ್ಚಿ ವಿವರವಾಗಿ ಹೇಳಿ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಒಂದು ನಿಮಿಷ ಯೋಚಿಸಿ ಕೇಳುತ್ತಾರೆ: ‘ಅದೆಲ್ಲ ಬಿಡಿ, ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿದ್ರಾ?’